ಸಣ್ಣಗಿದ್ದೇನೆ, ವೆಜ್ಜು, ಸಿಗರೇಟಿಲ್ಲ: ನನಗ್ಯಾಕೆ ಹಾರ್ಟಿನ ಟೆಸ್ಟ್?

ಪ್ರಶ್ನೆ: ನನಗೆ 38 ವರ್ಷ, ತೂಕ 66 ಕೆಜಿ. ಹುಟ್ಟಿದಾಗಿನಿಂದ ಸಸ್ಯಾಹಾರಿ, ಸಿಗರೇಟು ಮುಟ್ಟಿದವನಲ್ಲ. ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಡಾಕ್ಟರು ‘ನೀವು ಸೌತ್ ಏಷ್ಯನ್ ಅಲ್ವಾ’ ಅಂತ ಹೃದಯದ ಟೆಸ್ಟುಗಳನ್ನು ಬರೆದುಕೊಟ್ಟಿದ್ದಾರೆ. ಊರು ನೋಡಿಕೊಂಡು ಕಾಯಿಲೆ ಬರುತ್ತಾ?

ಉತ್ತರ: ನಿಮ್ಮ ಡಾಕ್ಟರು ಸುಮ್ನೆ ಬರೆದಿಲ್ಲ. ಅಮೆರಿಕದ ಹೃದ್ರೋಗ ತಜ್ಞರ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲೇ ದಕ್ಷಿಣ ಏಷ್ಯಾ ಮೂಲ ಅನ್ನುವುದು ಅಪಾಯ ಹೆಚ್ಚಿಸುವ ಅಂಶಗಳ ಸಾಲಿನಲ್ಲಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ನೋಡಿ. ನಮ್ಮ ಕಡೆಯವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆಗಿದ್ದು ಸರಾಸರಿ 53ನೇ ವಯಸ್ಸಿಗೆ, ಉಳಿದ ದೇಶಗಳವರಿಗೆ ಸುಮಾರು 59ಕ್ಕೆ. ಕಾರಣಗಳು ಹೊಸವೇನಲ್ಲ. ಅದೇ ಬಿಪಿ, ಅದೇ ಶುಗರ್, ಅದೇ ಕೊಲೆಸ್ಟ್ರಾಲ್, ಅದೇ ತಂಬಾಕು. ನಮಗೆ ಬೇಗ ಅಂಟಿಕೊಳ್ಳುತ್ತವೆ, ಅಷ್ಟೇ.

ಇನ್ನು ಆ 66 ಕೆಜಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯೂಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ, 22.3. ಆದರೆ ಯೂಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಕೈಕಾಲು ಕಡ್ಡಿಯ ಹಾಗೆ, ಹೊಟ್ಟೆ ಮಾತ್ರ ಮುಂದೆ. ನಮ್ಮ ಮದುವೆ ಮನೆಗಳಲ್ಲಿ ಪಂಕ್ತಿಗೆ ನಾಲ್ಕು ಜನ ಹೀಗೆ ಸಿಗುತ್ತಾರೆ.

ಹಾಗಾಗಿ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ‘ನನ್ನದು 34ರ ಪ್ಯಾಂಟು’ ಅಂತ ಹೇಳಬೇಡಿ. ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುತ್ತದೆ!

ನಮ್ಮವರಿಗೆ ಹೀಗ್ಯಾಕೆ ಅನ್ನುವುದರ ಒಂದು ಎಳೆ ನಮ್ಮ ಮೈಸೂರಿನಲ್ಲೇ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟುಕೊಂಡು ಬಂದಿತ್ತು. ಸಂಶೋಧಕರು ಆ ಹಳೇ ದಾಖಲೆ ಹಿಡಿದು, ಆಗಲೇ ನಡುವಯಸ್ಸಾಗಿದ್ದ ಆ ‘ಮಕ್ಕಳನ್ನು’ ಹುಡುಕಿಕೊಂಡು ಹೋದರು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ಕಾಯಿಲೆ ಇತ್ತು. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ ಶೇ 3. 1996ರಲ್ಲಿ ಪ್ರಕಟವಾದ ಲೆಕ್ಕ ಇದು.

ವೆಜ್ಜು ಅಂದಿರಿ. ಒಳ್ಳೆಯದೇ. ಆದರೆ ಬೋಂಡಾನೂ ವೆಜ್ಜೇ, ತುಪ್ಪ ಸುರಿದ ಒಬ್ಬಟ್ಟೂ ವೆಜ್ಜೇ. ತಟ್ಟೆಯಲ್ಲಿ ಅನ್ನದ ಗುಡ್ಡ, ಮೂಲೆಯಲ್ಲಿ ಒಂದು ಚಮಚ ಪಲ್ಯ ಇದ್ದರೆ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ನಮ್ಮವರ ರಿಪೋರ್ಟುಗಳಲ್ಲಿ ಈ ಜೋಡಿ ತುಂಬಾ ಕಾಣುತ್ತದೆ.

ಡಾಕ್ಟರು ಬರೆದ ಪಟ್ಟಿಯಲ್ಲಿ ಲಿಪೋಪ್ರೋಟೀನ್ ಎ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಒಂದು ಕಣ ಇದು, ಅಪ್ಪ ಅಮ್ಮನಿಂದ ಬರುವ ಆಸ್ತಿ. ಪಥ್ಯಕ್ಕೂ ವಾಕಿಂಗಿಗೂ ಹೆಚ್ಚುಕಡಿಮೆ ಜಗ್ಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಡೆಸಿಲೀಟರಿಗೆ 50 ಮಿ.ಗ್ರಾಂ. ದಾಟಿದ್ದರೆ ಬಿಪಿ, ಕೊಲೆಸ್ಟ್ರಾಲ್ ವಿಚಾರದಲ್ಲಿ ಡಾಕ್ಟರು ಇನ್ನಷ್ಟು ಬಿಗಿ ಮಾಡುತ್ತಾರೆ. ಶುಗರ್ ಟೆಸ್ಟನ್ನೂ ಜೊತೆಗೇ ಮುಗಿಸಿಬಿಡಿ.

ಹೋಗುವ ಮುಂಚೆ ಊರಿಗೊಂದು ಫೋನ್ ಮಾಡಿ. ಅಪ್ಪ, ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ, ಅಕ್ಕತಂಗಿಯರಿಗೆ 65ರೊಳಗೆ ಹೃದಯದ ತೊಂದರೆ ಬಂದಿತ್ತಾ ಕೇಳಿ. ಎರಡು ಸಲ ಕೇಳಿ. ‘ನಿಮ್ಮ ದೊಡ್ಡಪ್ಪಂಗೆ ಹಾರ್ಟಿಂದು ಏನೂ ಇರಲಿಲ್ಲಪ್ಪ, ರಾತ್ರಿ ಎದೆ ಹತ್ರ ಗ್ಯಾಸ್ ಹಿಡ್ಕೊಂಡಿತ್ತು, ಸೋಡಾ ಕುಡಿದು ಮಲಗಿದೋರು ಏಳಲಿಲ್ಲ’ ಅಂದರೆ, ಅದನ್ನೂ ಡಾಕ್ಟರಿಗೆ ಹೇಳಿ. ಗ್ಯಾಸಿಗೆ ಯಾರೂ ಹಾಗೆ ಹೋಗುವುದಿಲ್ಲ.