ನೀರು ಕಮ್ಮಿಯಾದರೆ ಔಷಧಿ ಗಿಡದ ಗುಣ ಹೆಚ್ಚುತ್ತದಾ? ಒಂದು ಅಧ್ಯಯನ ಟಿಪ್ಪಣಿ

"ಬರ ಬಂದರೆ ಔಷಧಿ ಗಿಡದ ಗುಣ ಹೆಚ್ಚುತ್ತದೆ" ಅಂತ ತುಂಬಾ ಜನ ನೋಟ್ಸ್‌ನಲ್ಲಿ ಒಂದೇ ಸಾಲು ಬರೆದುಕೊಂಡಿರುತ್ತಾರೆ. ಪೂರ್ತಿ ಸುಳ್ಳಲ್ಲ, ಆದರೆ ಆ ಒಂದು ಸಾಲನ್ನು ನಂಬಿಕೊಂಡು ಗ್ರಾಫ್ ಓದೋಕೆ ಕೂತರೆ ತಲೆ ಕೆಡುತ್ತದೆ. ಯಾವ ರಾಸಾಯನಿಕ, ಎಷ್ಟು ಕೊರತೆ, ಲೆಕ್ಕ ಹಾಕಿದ್ದು ಹೇಗೆ, ಈ ಮೂರನ್ನು ಕೇಳಲೇಬೇಕು.

ಮೊದಲು ಕಾರಣ. ಮಣ್ಣು ಒಣಗುತ್ತಿದ್ದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಏರುತ್ತದೆ, ಪತ್ರರಂಧ್ರಗಳು (ಎಲೆಯ ಸಣ್ಣ ತೂತುಗಳು) ಮುಚ್ಚಿಕೊಳ್ಳುತ್ತವೆ. ನೀರು ಉಳಿಯಿತು, ಸರಿ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಕಮ್ಮಿಯಾಯ್ತು ಅಲ್ವಾ? ಬಿಸಿಲು ಮಾತ್ರ ಮೊದಲಿನಂತೆಯೇ ಬೀಳುತ್ತಿರುತ್ತದೆ. ಬೆಳಕಿನ ಬಲದಿಂದ ತಯಾರಾದ ಎನ್‌ಎಡಿಪಿಎಚ್ (ಎಲೆಕ್ಟ್ರಾನ್ ಹೊತ್ತೊಯ್ಯುವ ಅಣು) ಸಕ್ಕರೆ ಮಾಡೋಕೆ ಖರ್ಚಾಗದೆ ಉಳಿಯುತ್ತದೆ, ಎಲೆಕ್ಟ್ರಾನ್‌ಗಳು ಆಮ್ಲಜನಕಕ್ಕೆ ಅಂಟಿಕೊಂಡು ಕೋಶವನ್ನೇ ಸುಡುವಂಥ ರೂಪಗಳು ಹುಟ್ಟುತ್ತವೆ. ಟರ್ಪೀನ್, ಫೀನಾಲ್, ಆಲ್ಕಲಾಯ್ಡ್ ಅನ್ನುವ ರಕ್ಷಣೆಯ ರಾಸಾಯನಿಕಗಳ ತಯಾರಿಕೆಗೆ ಎನ್‌ಎಡಿಪಿಎಚ್ ಜಾಸ್ತಿ ಬೇಕು. ಹಾಗಾಗಿ ಉಳಿದದ್ದು ಆ ಕಡೆ ಹರಿಯುತ್ತದೆ ಅನ್ನುವುದು ಜರ್ಮನಿಯ ವಿಜ್ಞಾನಿಗಳಾದ ಡಿರ್ಕ್ ಸೆಲ್ಮಾರ್ ಮತ್ತು ಮೈಕ್ ಕ್ಲೈನ್‌ವೆಕ್ಟರ್ 2013ರಲ್ಲಿ ಮುಂದಿಟ್ಟ ವಾದ. ನನಗೆ ಇದು ಹಿಡಿಸುತ್ತದೆ. ಗಿಡ ಯಾವ ಹುಳವನ್ನೂ ನೋಡದೆ ಇದ್ದರೂ ರಕ್ಷಣೆಯ ರಾಸಾಯನಿಕ ಯಾಕೆ ಏರುತ್ತದೆ ಅನ್ನೋದಕ್ಕೆ ಇಲ್ಲಿ ಉತ್ತರ ಇದೆ.

ಇದರ ಜೊತೆ ವಿಜ್ಞಾನಿಗಳಾದ ಹರ್ಮ್ಸ್ ಮತ್ತು ಮ್ಯಾಟ್ಸನ್ 1992ರಲ್ಲಿ ವಿವರಿಸಿದ ಬೆಳವಣಿಗೆ-ರಕ್ಷಣೆ ಲೆಕ್ಕಾಚಾರವನ್ನೂ ಓದಿ. ಕೋಶ ಹಿಗ್ಗೋಕೆ ಒಳಗಿನ ನೀರಿನ ಒತ್ತಡ ಬೇಕು, ಆದ್ದರಿಂದ ನೀರು ಸ್ವಲ್ಪ ಕಮ್ಮಿಯಾದರೂ ಬೆಳವಣಿಗೆ ಮೊದಲು ನಿಲ್ಲುತ್ತದೆ. ದ್ಯುತಿಸಂಶ್ಲೇಷಣೆ ಇನ್ನೂ ಸ್ವಲ್ಪ ಕಾಲ ನಡೆಯುತ್ತಿರುತ್ತದೆ. ಬೆಳೆಯೋಕೆ ಬಳಕೆಯಾಗದ ಇಂಗಾಲ ರಕ್ಷಣೆಗೆ ಸಿಗುತ್ತದೆ. ಕೊರತೆ ತೀವ್ರವಾದರೆ ದ್ಯುತಿಸಂಶ್ಲೇಷಣೆಯೂ ಬಿದ್ದುಹೋಗುತ್ತದೆ, ಕಚ್ಚಾ ಸಾಮಗ್ರಿಯೇ ಇರುವುದಿಲ್ಲ. ಅದಕ್ಕೇ ಕೊರತೆ ಹೆಚ್ಚುತ್ತಾ ಹೋದಂತೆ ರಾಸಾಯನಿಕದ ಗ್ರಾಫ್ ಏರಿ ಇಳಿಯುವ ಗುಡ್ಡದ ಹಾಗೆ ಬರಬೇಕು. ಆಲ್ಕಲಾಯ್ಡ್‌ಗೆ ಮಾತ್ರ ಈ ಇಂಗಾಲದ ಲೆಕ್ಕ ಸಾಲುವುದಿಲ್ಲ. ಅದರಲ್ಲಿ ಸಾರಜನಕ ಇದೆ, ಒಣ ಮಣ್ಣಿನಲ್ಲಿ ಸಾರಜನಕ ಬೇರಿಗೆ ತಲುಪುವುದೇ ಕಷ್ಟ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆ. ಸೇಂಟ್ ಜಾನ್ಸ್ ವರ್ಟ್ ಯುರೋಪಿನ ದೇಸಿ ಔಷಧಿ ಗಿಡ. ಅದರ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತೆ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಅಂಚಿನಲ್ಲಿ ಕಪ್ಪು ಚುಕ್ಕೆಗಳು ಬೇರೆ. ಈ ಚುಕ್ಕೆಗಳೆಲ್ಲ ಗ್ರಂಥಿಗಳು. ಗಿಡದ ಎರಡು ಔಷಧೀಯ ರಾಸಾಯನಿಕಗಳಲ್ಲಿ ಹೈಪರ್ಫೊರಿನ್ ಇರುವುದು ಪಾರದರ್ಶಕ ಗ್ರಂಥಿಗಳಲ್ಲಿ, ಹೈಪರಿಸಿನ್ ಇರುವುದು ಕಪ್ಪು ಗ್ರಂಥಿಗಳಲ್ಲಿ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನೀರು ತಪ್ಪಿಸಿದಾಗ ಹೈಪರ್ಫೊರಿನ್ ಏರಿತು, ಹೈಪರಿಸಿನ್ ಇಳಿಯಿತು. ಒಂದೇ ಗಿಡ, ಒಂದೇ ಕೊರತೆ. ಹಾಗಾದರೆ "ಗುಣ" ಹೆಚ್ಚಿತೋ ಕಮ್ಮಿಯಾಯಿತೋ, ನೀವೇ ಹೇಳಿ.

ಲೆಕ್ಕದ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಸುಮ್ನೆ ಒಂದು ಅಂಕಿ ಇಟ್ಟುಕೊಳ್ಳಿ. ಚೆನ್ನಾಗಿ ನೀರು ಕುಡಿದ ಗಿಡದಲ್ಲಿ 100 ಗ್ರಾಂ ಒಣ ಎಲೆ, ಅದರಲ್ಲಿ ಶೇ. 1 ಎಣ್ಣೆ, ಅಂದರೆ 1 ಗ್ರಾಂ. ನೀರು ಕಮ್ಮಿಯಾದ ಗಿಡದಲ್ಲಿ 60 ಗ್ರಾಂ ಒಣ ಎಲೆ, ಶೇ. 1.5 ಎಣ್ಣೆ, ಅಂದರೆ 0.9 ಗ್ರಾಂ. ಸಾಂದ್ರತೆ ಒಂದೂವರೆ ಪಟ್ಟು ಆಯಿತು, ಗಿಡ ಕೊಟ್ಟ ಒಟ್ಟು ಎಣ್ಣೆ ಕಮ್ಮಿಯಾಯಿತು. ಎಣ್ಣೆಗ್ರಂಥಿಗಳ ಲೆಕ್ಕದಲ್ಲೂ ಇದೇ ತೊಡಕು. ತುಳಸಿಯಂಥ ಗಿಡದಲ್ಲಿ ಎಣ್ಣೆ ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಇರುತ್ತದೆ, ಉಜ್ಜಿದರೆ ಅವು ಒಡೆದು ವಾಸನೆ ಬರುತ್ತದೆ. ನೀರಿಲ್ಲದೆ ಎಲೆ ಚಿಕ್ಕದಾದರೆ ಅಷ್ಟೇ ಗ್ರಂಥಿಗಳು ಕಡಿಮೆ ಜಾಗದಲ್ಲಿ ಒತ್ತಾಗಿ ಕೂರುತ್ತವೆ. ಹೊಸದಾಗಿ ಒಂದು ಗ್ರಂಥಿಯೂ ಹುಟ್ಟದೆ "ಸಾಂದ್ರತೆ ಹೆಚ್ಚಿದೆ" ಅಂತ ಬರೆಯಬಹುದು!

"ಕೊರತೆ ಕೊಟ್ಟೆವು" ಅಂದಷ್ಟಕ್ಕೆ ಒಪ್ಪಬೇಡಿ, ಎಲೆಗೆ ಅದು ತಟ್ಟಿತಾ ಅಂತ ನೋಡಿ. ಇದಕ್ಕೆ ಸಾಪೇಕ್ಷ ನೀರಿನ ಪ್ರಮಾಣ ಅಳೆಯುತ್ತಾರೆ, ಅಂದರೆ ಎಲೆ ಪೂರ್ತಿ ಉಬ್ಬಿದಾಗ ಹಿಡಿಯುವ ನೀರಿನಲ್ಲಿ ಈಗ ಎಷ್ಟು ಪಾಲು ಇದೆ ಅಂತ. ಎಲೆಯ ಹಸಿ ತೂಕ 2 ಗ್ರಾಂ, ನೀರಲ್ಲಿ ನೆನೆಸಿ ಉಬ್ಬಿದ ಮೇಲೆ 2.5, ಒಣಗಿಸಿದ ಮೇಲೆ 0.5 ಅಂದುಕೊಳ್ಳಿ. ಹಸಿಯಿಂದ ಒಣ ತೂಕ ಕಳೆದರೆ 1.5, ಉಬ್ಬಿದ್ದರಿಂದ ಕಳೆದರೆ 2, ಭಾಗಿಸಿದರೆ ಶೇ. 75. ಪ್ರೋಲಿನ್ ಅನ್ನುವ ಅಮೈನೋ ಆಮ್ಲ ಏರಿತು ಅಂತಲೂ ಪ್ರಬಂಧಗಳಲ್ಲಿ ಬರುತ್ತದೆ. ಅದು ಮುಖ್ಯವಾಗಿ ಕೋಶದಲ್ಲಿ ನೀರು ಹಿಡಿದಿಟ್ಟುಕೊಳ್ಳೋಕೆ, ಹುಳದ ವಿರುದ್ಧದ ಅಸ್ತ್ರಗಳ ಪಟ್ಟಿಗೆ ಸೇರಿಸಬೇಡಿ.

ರಾಸಾಯನಿಕ ಏರಿದ ಮಾತ್ರಕ್ಕೆ ಗಿಡ ಎಲ್ಲದರಿಂದ ಪಾರು ಅಂತಲೂ ಇಲ್ಲ. ಹುಳ ಕಚ್ಚಿದಾಗ ಎಚ್ಚರಿಸುವ ಜಾಸ್ಮೋನಿಕ್ ಆಮ್ಲದ ಜೊತೆ ಅಬ್ಸಿಸಿಕ್ ಆಮ್ಲ ಎಷ್ಟೋ ಸಲ ಕೈಜೋಡಿಸುತ್ತದೆ. ಕೆಲವು ರೋಗಾಣುಗಳ ವಿರುದ್ಧ ಕೆಲಸ ಮಾಡುವ ಸ್ಯಾಲಿಸಿಲಿಕ್ ಆಮ್ಲದ ದಾರಿಯನ್ನು ಮಾತ್ರ ಅದೇ ತಗ್ಗಿಸಬಲ್ಲದು. ಹುಳಕ್ಕೆ ಗಟ್ಟಿಯಾದ ಗಿಡ ರೋಗಕ್ಕೆ ಮೆತ್ತಗಾಗಬಹುದು.

ಬೆಳೆಸುವವರಿಗೆ ಇದರಿಂದ ಒಂದು ಉಪಾಯ ಸಿಗುತ್ತದೆ. ಮೊದಲು ನೀರು ಕೊಟ್ಟು ಎಲೆ ತುಂಬಿಸಿ, ಕೊಯ್ಲಿಗೆ ಸ್ವಲ್ಪ ಮುಂಚೆ ಹದವಾಗಿ ನೀರು ಇಳಿಸುವುದು. ಎಷ್ಟು ದಿನ, ಎಷ್ಟು ಇಳಿಸಬೇಕು ಅನ್ನೋದು ಒಂದೊಂದು ಗಿಡಕ್ಕೆ ಒಂದೊಂದು ಥರ, ಔಷಧಿ ಎಲೆಯಲ್ಲಿದೆಯೋ ಬೇರಲ್ಲಿದೆಯೋ ಅನ್ನೋದರ ಮೇಲೂ ಬದಲಾಗುತ್ತದೆ.