ಸಿಎಸ್‌ಎಸ್ ಮಾಡ್ಯೂಲ್ಸ್: ಇಲ್ಲದ ಕ್ಲಾಸನ್ನು ಹಿಡಿಯುವುದು ಹೇಗೆ?

ಬಟನ್‌ನ ಬಣ್ಣ ಹೋಗಿದೆ, ಆದರೆ ಬಿಲ್ಡ್ ಪಾಸ್ ಆಗಿದೆ. ಸಿಎಸ್‌ಎಸ್ ಮಾಡ್ಯೂಲ್ಸ್ (ಕ್ಲಾಸ್ ಹೆಸರುಗಳನ್ನು ಆಯಾ ಸ್ಟೈಲ್ ಫೈಲ್‌ಗೇ ಸೀಮಿತಗೊಳಿಸುವ ವಿಧಾನ) ಬಳಸುವ ರಿಯಾಕ್ಟ್ ಪ್ರಾಜೆಕ್ಟ್‌ನಲ್ಲಿ ಹೀಗಾದರೆ ಮೊದಲು ನೋಡಬೇಕಾದ್ದು ಕ್ಲಾಸ್ ಹೆಸರಿನ ಸ್ಪೆಲಿಂಗ್. ಸ್ಟೈಲ್ ಫೈಲನ್ನು ಇಂಪೋರ್ಟ್ ಮಾಡಿದಾಗ ಸಿಗುವುದು ಬರೀ ಒಂದು ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್. ಅದರಲ್ಲಿ ಇಲ್ಲದ ಹೆಸರನ್ನು ಕೇಳಿದರೆ 'ಅನ್‌ಡಿಫೈನ್ಡ್' ಸಿಗುತ್ತದೆ, ಎರರ್ ಬರುವುದಿಲ್ಲ. ರಿಯಾಕ್ಟ್ ಆಗ ಕ್ಲಾಸ್ ಆಟ್ರಿಬ್ಯೂಟನ್ನೇ ಕೈಬಿಡುತ್ತದೆ. ಟೆಂಪ್ಲೇಟ್ ಸ್ಟ್ರಿಂಗ್‌ನಲ್ಲಿ ಎರಡು ಕ್ಲಾಸ್ ಜೋಡಿಸಿದ್ದರೆ 'ಅನ್‌ಡಿಫೈನ್ಡ್' ಎಂಬ ಪದವೇ ಕ್ಲಾಸ್ ಆಗಿ ಪುಟದಲ್ಲಿ ಕೂರುತ್ತದೆ. ಟೈಪ್‌ಸ್ಕ್ರಿಪ್ಟ್ ಇದೆ ಎಂಬ ಧೈರ್ಯವೂ ಸಾಲದು: ವೀಟ್ ಎಂಬ ಬಿಲ್ಡ್ ಟೂಲ್ ಕೊಡುವ ಟೈಪ್ ಡಿಕ್ಲರೇಷನ್ ಯಾವ ಹೆಸರು ಬರೆದರೂ ಒಪ್ಪುತ್ತದೆ.

ಈ ಕೊರತೆಯನ್ನು ತುಂಬಲು ಇರುವುದು ಇಎಸ್‌ಲಿಂಟ್‌ಗೆ (ಕೋಡ್ ಓಡಿಸದೆಯೇ ತಪ್ಪು ಹುಡುಕುವ ಲಿಂಟರ್) ಸೇರಿಸುವ 'ಸಿಎಸ್‌ಎಸ್-ಮಾಡ್ಯೂಲ್ಸ್' ಪ್ಲಗಿನ್. ಅದರಲ್ಲಿ ಎರಡೇ ರೂಲ್. 'ನೋ-ಅನ್‌ಡೆಫ್-ಕ್ಲಾಸ್' ಸ್ಟೈಲ್ ಫೈಲ್‌ನಲ್ಲಿಲ್ಲದ ಕ್ಲಾಸ್ ಬಳಸಿದರೆ ಹಿಡಿಯುತ್ತದೆ. 'ನೋ-ಅನ್‌ಯೂಸ್ಡ್-ಕ್ಲಾಸ್' ಯಾರೂ ಬಳಸದ ಕ್ಲಾಸನ್ನು ತೋರಿಸುತ್ತದೆ. ಮೊದಲನೆಯದನ್ನು 'ಎರರ್' ಆಗಿಯೂ ಎರಡನೆಯದನ್ನು 'ವಾರ್ನ್' ಆಗಿಯೂ ಇಡಿ. ಮೊದಲನೆಯದು ಬಳಕೆದಾರನ ಕಣ್ಣಿಗೆ ಬೀಳುವ ತಪ್ಪು, ಎರಡನೆಯದು ಕಸ ಮಾತ್ರ.

ಮುಂದೆ ಮುಖ್ಯವಾಗುವುದು 'ಕ್ಯಾಮೆಲ್‌ಕೇಸ್' ಆಪ್ಷನ್. ವೀಟ್‌ನ 'ಲೋಕಲ್ಸ್‌ಕನ್ವೆನ್ಷನ್' ಅಥವಾ ವೆಬ್‌ಪ್ಯಾಕ್‌ (ಇನ್ನೊಂದು ಬಿಲ್ಡ್ ಟೂಲ್) ಬಳಸುವ ಸಿಎಸ್‌ಎಸ್-ಲೋಡರ್‌ನಲ್ಲಿ ಹೈಫನ್ ಇರುವ ಹೆಸರನ್ನು ಕ್ಯಾಮೆಲ್‌ಕೇಸ್‌ಗೆ (ಹೈಫನ್ ತೆಗೆದು ಮುಂದಿನ ಅಕ್ಷರವನ್ನು ದೊಡ್ಡದಾಗಿಸುವ ರೀತಿ) ಬದಲಿಸುವಂತೆ ಹೇಳಿದ್ದರೆ, ಎರಡೂ ರೂಲ್‌ಗಳಿಗೂ ಅದನ್ನೇ ಹೇಳಬೇಕು. ಇಲ್ಲವಾದರೆ ಸರಿಯಾದ ಕೋಡ್‌ಗೂ ಎರರ್‌ಗಳ ಸುರಿಮಳೆ. ಆಗ ತಂಡದವರು ಪ್ಲಗಿನ್ನನ್ನೇ ತೆಗೆದುಹಾಕುತ್ತಾರೆ.

ಅತಿಯಾದ ಎರರ್‌ಗಿಂತ ಅಪಾಯಕಾರಿ, ಏನೂ ಹೇಳದ ಲಿಂಟರ್. ಪ್ಲಗಿನ್ ಗಮನಿಸುವುದು ಸಿಎಸ್‌ಎಸ್, ಎಸ್‌ಸಿಎಸ್‌ಎಸ್, ಲೆಸ್ ಫೈಲ್‌ಗಳ ಡಿಫಾಲ್ಟ್ ಇಂಪೋರ್ಟನ್ನು ಮಾತ್ರ. ಸಿಎಸ್‌ಎಸ್-ಲೋಡರ್ 7ಕ್ಕೆ ಹೋದವರು 'ಇಂಪೋರ್ಟ್ ಸ್ಟಾರ್ ಆ್ಯಸ್' ಎಂದು ಬರೆಯತೊಡಗಿದರೆ ಅದು ಪ್ಲಗಿನ್‌ನ ಕಣ್ಣಿಗೆ ಬೀಳದು. ಪಾತ್‌ನಲ್ಲಿ ವೀಟ್ ಅಥವಾ ವೆಬ್‌ಪ್ಯಾಕ್‌ನ ಅಲಿಯಾಸ್ (ಪಾತ್‌ಗೆ ಕೊಟ್ಟ ಅಡ್ಡಹೆಸರು) ಇದ್ದರೂ ಅದಕ್ಕೆ ಅರ್ಥವಾಗದು. ಡಾಟ್‌ನಿಂದ ಶುರುವಾಗದ ಪಾತ್‌ಗೆ 'ಬೇಸ್‌ಪಾತ್' ಸೆಟ್ಟಿಂಗ್ ಒಂದೇ ದಾರಿ. ಬ್ರ್ಯಾಕೆಟ್‌ನೊಳಗೆ ವೇರಿಯಬಲ್ ಇಟ್ಟು ಕ್ಲಾಸ್ ಆರಿಸುವ ಕೋಡ್‌ನ ತಪ್ಪೂ ಸಿಗುವುದಿಲ್ಲ. ಆದ್ದರಿಂದ ಸೆಟಪ್ ಮುಗಿದ ಕೂಡಲೇ ಒಂದು ಕ್ಲಾಸ್ ಹೆಸರನ್ನು ಬೇಕೆಂದೇ ಕೆಡಿಸಿ ಲಿಂಟ್ ಓಡಿಸಿ. ಎರರ್ ಬರದಿದ್ದರೆ ಪ್ಲಗಿನ್ ಆ ಫೈಲನ್ನು ತಲುಪಿಲ್ಲ.

ಇನ್ನೊಂದು ತೂತು ಕ್ಯಾಶ್‌ನದು, ಅಂದರೆ ಹಿಂದಿನ ಫಲಿತಾಂಶದ ಸಂಗ್ರಹದ್ದು. ಇಎಸ್‌ಲಿಂಟ್‌ನ ಕ್ಯಾಶ್ ನೋಡುವುದು ಜೆಎಸ್ ಫೈಲ್ ಅಥವಾ ಲಿಂಟ್ ಕಾನ್ಫಿಗ್ ಬದಲಾಗಿದೆಯೇ ಎಂದು, ಸ್ಟೈಲ್ ಫೈಲನ್ನಲ್ಲ. ಎಸ್‌ಸಿಎಸ್‌ಎಸ್‌ನಿಂದ ಕ್ಲಾಸ್ ಅಳಿಸಿದಿರಿ, ಕಾಂಪೊನೆಂಟ್ ಮುಟ್ಟಲಿಲ್ಲ ಎಂದುಕೊಳ್ಳಿ: ಹಳೆಯ 'ಎಲ್ಲ ಸರಿ' ಫಲಿತಾಂಶವೇ ಮತ್ತೆ ಬರುತ್ತದೆ. ಕಮಿಟ್‌ಗೆ ಮುನ್ನ ಲಿಂಟ್ ಓಡಿಸುವ ಲಿಂಟ್-ಸ್ಟೇಜ್ಡ್‌ನದೂ ಇದೇ ಪಾಡು, ಸ್ಟೇಜ್ ಆದ ಫೈಲನ್ನಷ್ಟೇ ಅದು ಲಿಂಟ್‌ಗೆ ಕಳಿಸುತ್ತದೆ. ಹಾಗಾಗಿ ಸಿಐನಲ್ಲಿ (ಕೋಡ್ ಸೇರಿಸಿದಾಗ ಸರ್ವರ್‌ನಲ್ಲಿ ತಾನಾಗಿ ನಡೆಯುವ ತಪಾಸಣೆ) ಕ್ಯಾಶ್ ಇಲ್ಲದೆ ಇಡೀ ಪ್ರಾಜೆಕ್ಟನ್ನು ಲಿಂಟ್ ಮಾಡಲೇಬೇಕು. ಸ್ವಲ್ಪ ಸಮಯ ಹಿಡಿದರೂ ಈ ಹೆಜ್ಜೆಯನ್ನು ಬಿಡಬೇಡಿ.

ಸ್ಟೈಲ್ ಫೈಲ್‌ನ ಒಳಗಿನ ತಪ್ಪುಗಳಿಗೆ ಸ್ಟೈಲ್‌ಲಿಂಟ್ ಎಂಬ ಸಿಎಸ್‌ಎಸ್ ಲಿಂಟರ್ ಬೇರೆಯೇ ಬೇಕು. ಅದರ ಸ್ಟ್ಯಾಂಡರ್ಡ್ ಕಾನ್ಫಿಗ್ ಸಿಎಸ್‌ಎಸ್ ಮಾಡ್ಯೂಲ್ಸ್‌ಗೇ ಸೇರಿದ 'ಗ್ಲೋಬಲ್' ಸೆಲೆಕ್ಟರ್ ಮತ್ತು 'ಕಂಪೋಸಸ್' ಪ್ರಾಪರ್ಟಿಯನ್ನು ಅಪರಿಚಿತವೆಂದು ತಳ್ಳುತ್ತದೆ; ಇವನ್ನು ಇಗ್ನೋರ್ ಪಟ್ಟಿಗೆ ಸೇರಿಸಿ, ರೂಲನ್ನೇ ಆಫ್ ಮಾಡಬೇಡಿ. ಕ್ಲಾಸ್ ಹೆಸರಿಗೆ ಅದು ಕೆಬಾಬ್-ಕೇಸ್ (ಪದಗಳ ನಡುವೆ ಹೈಫನ್) ಕೇಳುವುದರಿಂದ, ಕ್ಯಾಮೆಲ್‌ಕೇಸ್ ಬರೆಯುವ ತಂಡ ಆ ಪ್ಯಾಟರ್ನನ್ನೂ ಬದಲಿಸಿಕೊಳ್ಳಬೇಕು.

ಬಳಕೆಯಾಗದ ಕ್ಲಾಸ್‌ಗಳ ಪಟ್ಟಿ ಕಂಡ ಕೂಡಲೇ ಅಳಿಸಲು ಕೈ ಹಾಕಬೇಡಿ. ಪ್ಲಗಿನ್ ಲೆಕ್ಕ ಹಾಕುವುದು ಸ್ಟೈಲನ್ನು ಇಂಪೋರ್ಟ್ ಮಾಡಿಕೊಳ್ಳುವ ಒಂದೊಂದು ಫೈಲ್‌ನ ಮಟ್ಟದಲ್ಲಿ. ಒಂದೇ ಸ್ಟೈಲ್ ಫೈಲನ್ನು ಎರಡು ಕಾಂಪೊನೆಂಟ್ ಹಂಚಿಕೊಂಡಿದ್ದರೆ, ಒಂದರ ಕ್ಲಾಸ್ ಇನ್ನೊಂದರಲ್ಲಿ ವ್ಯರ್ಥವೆಂದು ಕಾಣುತ್ತದೆ. ಇಡೀ ಪ್ರಾಜೆಕ್ಟ್‌ನಲ್ಲಿ ಹೆಸರು ಹುಡುಕಿ ನೋಡಿ. ನಿಜಕ್ಕೂ ಬೇಕಿದ್ದರೆ 'ಮಾರ್ಕ್‌ಆ್ಯಸ್‌ಯೂಸ್ಡ್' ಪಟ್ಟಿಗೆ ಹಾಕಿ.