ರೌಟರ್ ಹೊಸದು, ಓದಿದ ಪುಟ ಹಳೆಯದು

ಕಕ್ಕಡ ತಿಂಗಳಲ್ಲಿ, ಅಂದರೆ ಜೋರು ಮಳೆಯ ಕಾಲದಲ್ಲಿ, ಕೊಡಗಿನಲ್ಲಿ ನೆಟ್ ಹೋದರೆ ಯಾರೂ ಬೆಚ್ಚಿಬೀಳುವುದಿಲ್ಲ. ಸಿಲ್ವರ್ ಮರದ ಕೊಂಬೆ ಫೈಬರ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ರಸ್ತೆಯೇ ಉಳಿಯಲಿಲ್ಲ, ಇನ್ನು ಕೇಬಲ್ ಎಲ್ಲಿಂದ? ಹಾಗಾಗಿ ಹೋಮ್‌ಸ್ಟೇ, ಆಫೀಸು ನಡೆಸುವವರು ಎರಡು ಲೈನ್ ಇಟ್ಟುಕೊಳ್ಳಲು ನೋಡುತ್ತಾರೆ. ಒಂದು ಫೈಬರ್, ಇನ್ನೊಂದು 4ಜಿ ಡಾಂಗಲ್. ಒಂದು ಹೋದರೆ ಇನ್ನೊಂದು ತಾನಾಗಿ ಹಿಡಿಯಬೇಕು.

ಅದಕ್ಕೆ ದುಬಾರಿ ಪೆಟ್ಟಿಗೆ ಬೇಕಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹೊಂದುವ ಸಾಧಾರಣ ರೌಟರ್ ಇದ್ದರೆ ಸಾಕು, ಎಮ್‌ವಾನ್3 ಎಂಬ ಪ್ಯಾಕೇಜ್ ಆ ಕೆಲಸ ಮಾಡುತ್ತದೆ. ಮಾಡಿಕೊಡುವವರು ಯಾರು ಅಂದರೆ, ಇಲ್ಲಿ ಸಿಸ್ಟಂ ಅಡ್ಮಿನ್ ಅಂತ ಬೋರ್ಡ್ ಹಾಕಿಕೊಂಡವರು ಕಡಿಮೆ. ಕಂಪ್ಯೂಟರ್ ಮೇಷ್ಟ್ರು, ಸಿಸಿಟಿವಿ ಹಾಕುವ ಹುಡುಗ, ಬೆಂಗಳೂರಿನಿಂದ ತೋಟಕ್ಕೆ ವಾಪಸ್ ಬಂದ ಮಗಳು. ಅವರು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಮೂರು ಉತ್ತರ ಸಿಗುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ತಮಾಷೆ ಏನೆಂದರೆ, ಮೂರೂ ತಮ್ಮ ತಮ್ಮ ಕಾಲಕ್ಕೆ ಸರಿಯೇ.

ಇದು ಹೀಗಾದದ್ದು ಒಂದೇ ಸಲಕ್ಕಲ್ಲ. ಓಪನ್‌ಡಬ್ಲ್ಯುಆರ್‌ಟಿಗೆ ಅಡಿಪಾಯವಾದ ಲಿನಕ್ಸ್‌ನ ಫೈರ್‌ವಾಲ್ ನೋಡಿ, ಅಂದರೆ ಒಳಹೊರಗಿನ ಟ್ರಾಫಿಕ್‌ಗೆ ಕಾವಲು ಕಾಯುವ ಭಾಗ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 1996ರ 2.0 ಆವೃತ್ತಿಯಲ್ಲಿ ಐಪಿಎಫ್‌ಡಬ್ಲ್ಯುಆಡ್ಮ್ ಇತ್ತು. 1999ರಲ್ಲಿ ಐಪಿಚೈನ್ಸ್ ಬಂತು. 2001ರಲ್ಲಿ ಐಪಿಟೇಬಲ್ಸ್. 2014ರಲ್ಲಿ ಎನ್‌ಎಫ್‌ಟೇಬಲ್ಸ್. ಪ್ರತಿ ಸಲವೂ ಬರೆಯುವ ರೀತಿಯೇ ಬದಲಾಯಿತು. ಐಪಿಚೈನ್ಸ್, ಐಪಿಟೇಬಲ್ಸ್ ಎರಡನ್ನೂ ಶುರು ಮಾಡಿದ ರಸ್ಟಿ ರಸೆಲ್ ಅವುಗಳನ್ನು ಬಳಸುವುದು ಹೇಗೆಂದು ಹೇಳಿಕೊಡುವ ಹೌಟು ಕೈಪಿಡಿಗಳನ್ನೂ ತಾವೇ ಬರೆದರು, ಅದೂ ನಗಿಸುತ್ತಾ. ಐಪಿಟೇಬಲ್ಸ್ ಅಷ್ಟು ಬೇಗ ಹಬ್ಬಿದ್ದರಲ್ಲಿ ಆ ಬರಹದ ಪಾಲು ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧ ಐಪಿರೌಟ್2ರ ಕಥೆ. ನೆಟ್‌ವರ್ಕ್ ಹೊಂದಿಸಲು ಅಲೆಕ್ಸಿ ಕುಜ್ನೆಟ್ಸೊವ್ ಮಾಡಿದ ಈ ಸಲಕರಣೆ, ಅಂದರೆ ಇವತ್ತಿನ 'ಐಪಿ' ಕಮಾಂಡ್, ಬಳಕೆಗೆ ಬಂದದ್ದು 2.2 ಕರ್ನಲ್‌ನ ಕಾಲದಲ್ಲೇ. ಎರಡು ಲೈನ್‌ಗಳ ನಡುವೆ ಟ್ರಾಫಿಕ್ ಹಂಚಲು ಬೇಕಾದದ್ದೆಲ್ಲ ಅದರಲ್ಲಿ ಆಗಲೇ ಇತ್ತು. ಆದರೆ ಅದರ ಕೈಪಿಡಿ ಪ್ರೋಗ್ರಾಂನ ಮೂಲ ಬರಹವಾದ ಸೋರ್ಸ್ ಕೋಡಿನ ಕಟ್ಟಿನೊಳಗೆ ಕೂತಿತ್ತು, ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಬರ್ಟ್ ಹ್ಯೂಬರ್ಟ್ ಮತ್ತು ಗೆಳೆಯರು ಬೇರೆಯದೇ ಒಂದು ಹೌಟು ಬರೆದ ಮೇಲೆ ತುಂಬಾ ಜನಕ್ಕೆ ಇದು ತಿಳಿಯಿತು. ಅಷ್ಟರಲ್ಲಿ ಪಾಠ, ನೋಟ್ಸ್, ಪರೀಕ್ಷೆ ಎಲ್ಲದರಲ್ಲೂ ಐಎಫ್‌ಕಾನ್ಫಿಗ್ ಎಂಬ ಹಳೆಯ ಕಮಾಂಡ್ ಬೇರು ಬಿಟ್ಟಿತ್ತು. 2017ರ ಡೆಬಿಯನ್ 9 ಎಂಬ ಲಿನಕ್ಸ್ ಆವೃತ್ತಿ ಅದನ್ನು ಮಾಮೂಲಿ ಇನ್‌ಸ್ಟಾಲ್‌ನಿಂದ ಕೈಬಿಟ್ಟಿತು. ಆದರೂ ಅದನ್ನೇ ಮೊದಲು ಕಲಿಯುವವರು ಈಗಲೂ ಇದ್ದಾರೆ, ಅಲ್ವಾ?

ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು ಒಂದು ತಕರಾರಿನಿಂದ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರ್ 2002ರ ಕೊನೆಗೆ ಬಂತು. ಅದರೊಳಗೆ ಲಿನಕ್ಸ್ ಇದೆ ಎಂದು 2003ರಲ್ಲಿ ಕೆಲವರು ಪತ್ತೆ ಹಚ್ಚಿದರು. ಲಿನಕ್ಸ್‌ಗಿರುವ ಜಿಪಿಎಲ್ ಪರವಾನಗಿಯ ಪ್ರಕಾರ ಸೋರ್ಸ್ ಕೋಡ್ ಕೊಡಲೇಬೇಕು. ಕಂಪನಿ ಕೊಟ್ಟಿತು. 2004ರಲ್ಲಿ ಅದರ ಮೇಲೆಯೇ ಈ ಯೋಜನೆ ಶುರುವಾಯಿತು. ಆವೃತ್ತಿಗಳಿಗೆ ಕಾಕ್‌ಟೇಲ್‌ಗಳ ಹೆಸರು, ಲಾಗಿನ್ ಆದರೆ ಅದನ್ನು ಮಾಡುವ ವಿಧಾನವೂ ಕಾಣುತ್ತಿತ್ತು. ಬಳಕೆಯ ದಾಖಲೆ ಮಾತ್ರ ಹೆಚ್ಚಾಗಿ ವಿಕಿಯಲ್ಲಿ, ಯಾರು ಬೇಕಾದರೂ ಬರೆಯಬಹುದು. ಬರೆದರು ಕೂಡ. ಹಳೆಯದನ್ನು ತೆಗೆಯುವವರು ಮಾತ್ರ ಜಾಸ್ತಿ ಇರಲಿಲ್ಲ.

2016ರ ಮೇ ತಿಂಗಳಲ್ಲಿ ತಂಡ ಒಡೆಯಿತು. ಕೆಲಸ ಪಾರದರ್ಶಕವಾಗಿಲ್ಲ, ಹೊಸ ಆವೃತ್ತಿ ಹೊತ್ತಿಗೆ ಬರುವುದಿಲ್ಲ ಎಂದು ಒಂದು ಗುಂಪು ಹೊರಬಂದು ಲೀಡ್ ಎಂಬ ಹೆಸರಿನಲ್ಲಿ ನಡೆಸಿತು. ಆಗ ಎರಡು ತಂತ್ರಾಂಶ, ಎರಡು ವಿಕಿ. 2018ರ ಜನವರಿಯಲ್ಲಿ ಮತ್ತೆ ಒಂದಾದರು. ಹೆಸರು ಹಳೆಯದು, ಕೋಡ್ ಲೀಡ್‌ನದು. ಹಳೆಯ ವಿಕಿಯನ್ನು ಸಂಗ್ರಹದಂತೆ ಉಳಿಸಿಕೊಂಡರು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. 2021ರ 21.02 ಆವೃತ್ತಿಯಲ್ಲಿ ಅನೇಕ ರೌಟರ್‌ಗಳ ಸ್ವಿಚ್ (ಕೇಬಲ್ ಚುಚ್ಚುವ ಪೋರ್ಟ್‌ಗಳ ಭಾಗ), ವಿಲ್ಯಾನ್ (ಒಂದೇ ಕೇಬಲ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್) ಬರೆಯುವ ಕ್ರಮವೇ ಬದಲಾಯಿತು. 2022ರ 22.03ರಲ್ಲಿ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ಗೆ ಹೋಯಿತು. ನಾವೇ ಬರೆದಿಟ್ಟ ಐಪಿಟೇಬಲ್ಸ್ ಸಾಲುಗಳು ಫೈಲಿನಲ್ಲಿ ಹಾಗೇ ಇರುತ್ತವೆ, ಕೆಲಸ ಮಾತ್ರ ಮಾಡುವುದಿಲ್ಲ. ಹಳೆಯ ಪುಟ ನೋಡಿ ಅವನ್ನು ಹಾಕಿದವರಿಗೆ ಬೀಗ ಹಾಕಿದ್ದೇವೆ ಅಂತ ಧೈರ್ಯ, ಬಾಗಿಲು ತೆರೆದೇ ಇರುತ್ತದೆ. ಎಮ್‌ವಾನ್3 ಮಾತ್ರ ಐಪಿಟೇಬಲ್ಸ್ ಬಿಡಲಿಲ್ಲ. ಹಳೆಯ ರೀತಿಯನ್ನು ಹೊಸದಕ್ಕೆ ತರ್ಜುಮೆ ಮಾಡುವ ಹೊಂದಾಣಿಕೆಯ ಪದರದ ಮೇಲೆ ನಡೆಯಿತು. ಎರಡೂ ಬಗೆ ಒಂದೇ ಪೆಟ್ಟಿಗೆಯಲ್ಲಿ ಇದ್ದರೆ ಹೊಸಬರಿಗೆ ತಲೆ ತಿರುಗದೆ ಇರುತ್ತದೆಯೇ?

ಹೀಗೇ ಆಗಬೇಕೆಂದೇನೂ ಇರಲಿಲ್ಲ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂನ ತಂಡ ಮ್ಯಾನ್ ಪೇಜಿನ, ಅಂದರೆ ಯಂತ್ರದಲ್ಲೇ ಇರುವ ಕೈಪಿಡಿಯ, ತಪ್ಪನ್ನು ಕೋಡಿನ ತಪ್ಪಿನಷ್ಟೇ ಗಂಭೀರವಾಗಿ ನೋಡುತ್ತದೆ. ಅವರ ಫೈರ್‌ವಾಲ್ ಪಿಎಫ್ ಕೂಡ 2010ರಲ್ಲಿ ನ್ಯಾಟ್ (ಹಲವು ಸಾಧನಗಳು ಒಂದೇ ವಿಳಾಸದಿಂದ ಹೊರಹೋಗುವ ವ್ಯವಸ್ಥೆ) ಬರೆಯುವ ರೀತಿ ಬದಲಿಸಿತು. ಆದರೆ ಹೊಸ ಕೋಡಿನ ಜತೆಗೇ ಹೊಸ ಕೈಪಿಡಿಯೂ ಡಿಸ್ಕಿಗೆ ಬಂತು. ನೆಟ್ ಇಲ್ಲದಿದ್ದರೂ ಓದಬಹುದು. ಮನೆ ರೌಟರ್‌ನಲ್ಲಿ ಇದು ಕಷ್ಟ, ನಿಜ. ಮ್ಯಾನ್ ಪೇಜ್ ಇಡುವಷ್ಟು ಜಾಗ ಅದರ ಪುಟ್ಟ ಫ್ಲ್ಯಾಶ್ ಮೆಮೊರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ದಾಖಲೆ ನೆಟ್‌ನಲ್ಲೇ ಇರುತ್ತದೆ, ನೆಟ್ ಸರಿಮಾಡುವ ದಾಖಲೆಯೂ ಅಲ್ಲೇ.

ಎಮ್‌ವಾನ್3 ಹಾಕುವವರು ಗಮನಿಸಬೇಕಾದ ಒಂದು ಮಾತಿದೆ. ತಂತಿ ಕುಶಾಲನಗರದ ಕಡೆ ಎಲ್ಲೋ ತುಂಡಾದರೆ ನಮ್ಮ ಮನೆಯ ಫೈಬರ್ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತಲೇ ಇರಬಹುದು. ರೌಟರ್‌ಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅದಕ್ಕೇ ಎಮ್‌ವಾನ್3 ಹೊರಗಿನ ವಿಳಾಸಗಳಿಗೆ ಪಿಂಗ್, ಅಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ, ಕಳಿಸಿ ನೋಡುತ್ತದೆ. ಆ ವಿಳಾಸಗಳನ್ನು ನಾವೇ ಕೊಡಬೇಕು, ಒಂದಕ್ಕಿಂತ ಹೆಚ್ಚು ಕೊಡುವುದು ಒಳ್ಳೆಯದು.

ಯಾವುದೇ ಪುಟ ಓದುವ ಮೊದಲು ರೌಟರ್‌ಗೆ ಲಾಗಿನ್ ಆಗಿ ಆವೃತ್ತಿ ನೋಡಿಕೊಳ್ಳಿ. ಪುಟ ಅದಕ್ಕಿಂತ ಹಳೆಯದಾದರೆ ಕಣ್ಣು ಮುಚ್ಚಿ ಕಾಪಿ ಮಾಡಬೇಡಿ. ಬೇಕಾದ ಪುಟಗಳನ್ನು, ಸೆಟ್ಟಿಂಗ್‌ಗಳ ಬ್ಯಾಕಪ್‌ನ್ನು ಲ್ಯಾಪ್‌ಟಾಪ್‌ಗೆ ಇಳಿಸಿಟ್ಟುಕೊಳ್ಳಿ. ಅಪ್‌ಗ್ರೇಡ್ ಕೆಲಸವನ್ನು ಮಳೆಗೆ ಮುಂಚೆ, ಮೇ ತಿಂಗಳೊಳಗೆ ಮುಗಿಸಿ. ಯಾಕೆಂದರೆ ಸಾಮಾನ್ಯ ಅಪ್‌ಗ್ರೇಡ್‌ನಲ್ಲಿ ಸೆಟ್ಟಿಂಗ್ ಉಳಿದರೂ ನಾವು ಸೇರಿಸಿದ ಪ್ಯಾಕೇಜ್‌ಗಳು ಹೋಗುತ್ತವೆ. ಎಮ್‌ವಾನ್3 ಹೋಗುತ್ತದೆ, ಡಾಂಗಲ್ ನಡೆಸುವ ಡ್ರೈವರ್ ಕೂಡ. ಅಂಥ ಹೊತ್ತಿಗೆ ಫೈಬರ್ ತುಂಡಾದರೆ, ಡ್ರೈವರ್ ಇಳಿಸಿಕೊಳ್ಳಲು ಡಾಂಗಲ್ ಬೇಕು, ಡಾಂಗಲ್ ನಡೆಯಲು ಡ್ರೈವರ್ ಬೇಕು.